ಯಾವ ಕಾಲಂನಲ್ಲಿ ಬರೆಯಲಿ?

ನಮ್ಮ ಚರ್ಚಿನ ಆಫೀಸಿನಲ್ಲಿ ಪೂಜೆ ಬರೆಸುವ ಒಂದು ಉದ್ದನೆಯ ಲೆಡ್ಜರ್ ಉಂಟು. ದಿನಾಂಕ, ಹೊತ್ತು, ಹೆಸರು, ಉದ್ದೇಶ, ಕಾಣಿಕೆ. ಉದ್ದೇಶದ ಜಾಗದಲ್ಲಿ ಸ್ಕೇಲು ಇಟ್ಟು ಎಳೆದ ಒಂದು ಗೆರೆ. ಗೆರೆಯ ಎಡಕ್ಕೆ ಜೀವಂತರು, ಬಲಕ್ಕೆ ಮೃತರು. ಹುಟ್ಟುಹಬ್ಬ, ಆಪರೇಷನ್, ವೀಸಾ, ಪಿಯುಸಿ ರಿಸಲ್ಟ್ ಎಲ್ಲ ಎಡಕ್ಕೆ. ವರ್ಷಾಂತಿಕ, ತಿಂಗಳ ಪೂಜೆ, ಶುದ್ಧೀಕರಣ ಸ್ಥಳದಲ್ಲಿರುವ ಆತ್ಮಗಳು ಬಲಕ್ಕೆ.

ಜುಲೈ ಮೂರನೇ ವಾರ ಹೋದೆ. ಆಫೀಸಿನಲ್ಲಿ ಕೂರುವ ಹುಡುಗಿ ಪೆನ್ನು ತೆಗೆದಳು.

"ಯಾವ ದಿನ ಅಂಕಲ್?"

"ಇಪ್ಪತ್ತೊಂಬತ್ತು. ಬೆಳಗಿನ ಪೂಜೆ."

"ಹೆಸರು?"

"ಫಾದರ್ ಪಾವ್ಲೊ."

"ನಮ್ಮ ಡಯೊಸಿಸ್‌ನವರಾ?"

"ಅಲ್ಲ. ಸಿರಿಯಾದಲ್ಲಿದ್ದವರು."

"ಆತ್ಮಶಾಂತಿಗಾ, ಆರೋಗ್ಯಕ್ಕಾ?"

ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ನನ್ನ ಹಿಂದೆ ಗಂಡನ ಮೊದಲ ವರ್ಷಾಂತಿಕಕ್ಕೆ ಬರೆಸಲು ಬಂದ ಹೆಂಗಸೊಬ್ಬರು ಲಕೋಟೆ ಹಿಡಿದು ನಿಂತಿದ್ದರು. ಅವರಿಗೆ ತಮ್ಮ ಕಾಲಂ ಯಾವುದೆಂದು ಗೊತ್ತಿತ್ತು. "ನೀವು ಮೊದಲು ಬರೆಸಿ" ಎಂದು ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಕೂತೆ.

2009ರಲ್ಲಿ ನಾನು ದುಬೈಯಲ್ಲಿ ಪಂಪು ಹಾಕುವ ಕಂಪನಿಯೊಂದರಲ್ಲಿದ್ದೆ. ಡಮಾಸ್ಕಸ್ಸಿನ ಒಂದು ಕೆಲಸಕ್ಕೆ ಮೂರು ತಿಂಗಳು ಕಳಿಸಿದರು. ಜತೆಗೆ ಕೋಟ್ಟಯಂ ಕಡೆಯ ಒಬ್ಬ ಸಹೋದ್ಯೋಗಿ, ಅಪ್ಪಟ ಸುರಿಯಾನಿ ಕ್ರೈಸ್ತ, ಅಂದರೆ ಸಿರಿಯಾ ಕಡೆಯ ಹಳೆಯ ಸುರಿಯಾನಿ ಭಾಷೆಯ ಪೂಜಾ ಪದ್ಧತಿಯವನು. ಗುರುವಾರ ಮಧ್ಯಾಹ್ನ ಸೈಟು ಬಂದ್ ಆದರೆ ಶನಿವಾರದವರೆಗೆ ನಮಗೆ ಕೆಲಸವಿಲ್ಲ. ಹೋಟೆಲಿನವನು ಹೇಳಿದ, ಮರುಭೂಮಿಯಲ್ಲಿ ಒಂದು ಮಠ ಉಂಟು, ಮಾರ್ ಮೂಸಾ ಎಂಬ ಸಂತನ ಹೆಸರಿನದು, ಬಾಡಿಗೆ ಕೇಳುವುದಿಲ್ಲ, ಊಟಕ್ಕೂ ದುಡ್ಡಿಲ್ಲ. ಪುಕ್ಕಟೆ ಎಂದ ಮೇಲೆ ಮಂಗಳೂರಿನವನೂ ಕೋಟ್ಟಯಂನವನೂ ಹೋಗದೆ ಇರುತ್ತಾರೆಯೇ.

ಡಮಾಸ್ಕಸ್ಸಿನಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ನಬಕ್ ಎಂಬ ಊರಿನವರೆಗೆ ವ್ಯಾನು, ಅಲ್ಲಿಂದ ಟ್ಯಾಕ್ಸಿ. ಟ್ಯಾಕ್ಸಿ ಬಿಟ್ಟಲ್ಲಿ ಬೋಳು ಬೆಟ್ಟ, ಬೆಟ್ಟದ ಸೀಳಿನಲ್ಲಿ ಜೇನುಗೂಡಿನ ಹಾಗೆ ಅಂಟಿಕೊಂಡ ಕಲ್ಲಿನ ಕಟ್ಟಡ, ಅಲ್ಲಿಯವರೆಗೆ ಮೆಟ್ಟಿಲು. ನೂರು ದಾಟಿದ ಮೇಲೆ ನಾನು ಎಣಿಸುವುದು ಬಿಟ್ಟೆ. ತುದಿಯಲ್ಲಿ ಒಂದು ಗಿಡ್ಡ ಬಾಗಿಲು, ಎಷ್ಟು ದೊಡ್ಡ ಮನುಷ್ಯನಾದರೂ ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಹೋದ ಕೂಡಲೆ ಯಾರೋ ಕೈಗೆ ಚಹಾ ಕೊಟ್ಟರು. ಹೆಸರು ಕೇಳಲಿಲ್ಲ, ಧರ್ಮ ಕೇಳಲಿಲ್ಲ, ಪಾಸ್‌ಪೋರ್ಟು ಕೇಳಲಿಲ್ಲ. ಊಟವಾದ ಮೇಲೆ ಪಾತ್ರೆ ತೊಳೆಯುವ ಪಾಳಿ ಮಾತ್ರ ತೋರಿಸಿದರು.

ಆ ಮಠವನ್ನು ಎಬ್ಬಿಸಿದವರು ಪಾವ್ಲೊ ದಾಲ್ಲೊಲಿಯೊ. 1954ರಲ್ಲಿ ರೋಮಿನಲ್ಲಿ ಹುಟ್ಟಿದವರು, ಯೇಸುಸಭೆಯ (ಜೆಸ್ವಿಟ್) ಗುರು. 1982ರಲ್ಲಿ ಈ ಜಾಗ ಹುಡುಕಿಕೊಂಡು ಬಂದಾಗ ಅದು ಸೂರಿಲ್ಲದ ಪಾಳು. ಹತ್ತು ದಿನ ಒಬ್ಬರೇ ಧ್ಯಾನಕ್ಕೆ ಕೂತವರು ಆಮೇಲೆ ಬಿಟ್ಟು ಹೋಗಲೇ ಇಲ್ಲ. ಇಟಲಿಯವರಾದರೂ ದೀಕ್ಷೆ ಪಡೆದದ್ದು ಸಿರಿಯಾದವರದೇ ಸುರಿಯಾನಿ ಕಥೋಲಿಕ ಪದ್ಧತಿಯಲ್ಲಿ. ತೊಂಬತ್ತರ ದಶಕದ ಹೊತ್ತಿಗೆ ಗಂಡಸರೂ ಹೆಂಗಸರೂ ಇರುವ ಒಂದು ಸಣ್ಣ ಸನ್ಯಾಸಿ ಬಳಗ ಕಟ್ಟಿದರು. ಪ್ರಾರ್ಥನೆ, ಮೈಕೈ ಬಗ್ಗಿಸಿ ಮಾಡುವ ಕೆಲಸ, ಅತಿಥಿ ಸತ್ಕಾರ, ಇವೇ ಅವರ ನೇಮ. ಎಲ್ಲಕ್ಕೂ ಮೇಲೆ, ಮುಸ್ಲಿಮರೊಂದಿಗೆ ನೆರೆಹೊರೆಯಾಗಿ ಬದುಕುವುದು. ಬಳಗದ ಹೆಸರು ಅಲ್-ಖಲೀಲ್, ಅಂದರೆ ದೇವರ ಗೆಳೆಯ ಅಬ್ರಹಾಮ. ಗುರುತಿಲ್ಲದ ಮೂವರು ದಾರಿಹೋಕರನ್ನು ಕರೆದು ಉಣ್ಣಿಸಿದನಲ್ಲ, ಅವನು.

ನಾನು ಅವರ ಜತೆ ಮಾತಾಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಕೇಳುವುದು ಬೇಡ. ದೂರದಿಂದ ಕಂಡದ್ದಷ್ಟೆ. ದೊಡ್ಡ ಆಳು, ದೊಡ್ಡ ಗಡ್ಡ, ಅದಕ್ಕಿಂತ ದೊಡ್ಡ ಗಂಟಲು. ಎಲ್ಲರೂ ಅವರನ್ನು "ಅಬೂನಾ" ಎನ್ನುತ್ತಿದ್ದರು. ನಮ್ಮಪ್ಪ ಎಂದು ಅರ್ಥವಂತೆ. ನಮ್ಮ ಕೊಂಕಣಿಯ "ಪಾದ್ರ್ಯಾಬ್"ನಲ್ಲೂ ಆ ಅಪ್ಪ ಅಡಗಿದ್ದಾನೆ, ಆದರೆ ಪಾದ್ರ್ಯಾಬ್ ಎನ್ನುವಾಗ ನಾವು ಎದ್ದು ನಿಲ್ಲುತ್ತೇವೆ. ಅಬೂನಾ ಎನ್ನುವಾಗ ಅವರು ಕೂತಲ್ಲೇ ಕೂತಿದ್ದರು.

ಸಂಜೆ ಏಳಕ್ಕೆ ಚಪ್ಪಲಿ ಬಿಟ್ಟು ಪೂಜಾಮಂದಿರಕ್ಕೆ ಹೋಗಬೇಕು. ಬೆಂಚಿಲ್ಲ, ಕಂಬಳಿ ಹಾಸಿದ ನೆಲ. ಒಂದು ಗಂಟೆ ಯಾರೂ ಮಾತಾಡುವ ಹಾಗಿಲ್ಲ, ಮೇಣದ ಬತ್ತಿಯ ಬೆಳಕು ಮಾತ್ರ. ಕಣ್ಣು ಹೊಂದಿಕೊಂಡ ಮೇಲೆ ಗೋಡೆ ತುಂಬ ಚಿತ್ರ ಕಾಣತೊಡಗಿದವು. ಹನ್ನೊಂದನೇ ಶತಮಾನದಿಂದ ಈಚೆಗೆ ಪದರ ಪದರವಾಗಿ ಬರೆದವು. ಪಶ್ಚಿಮದ ಗೋಡೆಯಲ್ಲಿ ಕಡೆಯ ತೀರ್ಪು: ಒಂದು ಕಡೆ ಉಳಿದವರು, ಇನ್ನೊಂದು ಕಡೆ ಬಿದ್ದವರು. ನನಗೆ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೆನಪಾಯಿತು. ಬೆಳಗಿನ ಬೆಲ್ಲಿಗೆ ಮೊದಲು ಅಲ್ಲಿ ಕೂತು ಮಾಡಿನ ಚಿತ್ರ ನೋಡುತ್ತಾ ಬೆಳೆದವನು ನಾನು. ಅದನ್ನು ಬರೆದದ್ದೂ ಇಟಲಿಯ ಯೇಸುಸಭೆಯ ಬ್ರದರ್, ಆಂಟೋನಿಯೊ ಮೊಸ್ಕೇನಿ, ನೂರಿಪ್ಪತ್ತು ಚಿಲ್ಲರೆ ವರ್ಷಗಳ ಹಿಂದೆ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಆ ಯೇಸುಸಭೆಯವರು ನಮಗೆ ಶಾಲೆ ಕೊಟ್ಟರು, ಮುಲ್ಲರ್ ಆಸ್ಪತ್ರೆ ಕೊಟ್ಟರು, ಮಾಡಿನ ತುಂಬ ಬಣ್ಣ ಕೊಟ್ಟರು. ಹಾಗಾಗಿ ಪರದೇಶದಲ್ಲಿ ಬೇರುಬಿಟ್ಟ ಇಟಲಿಯ ಪಾದ್ರಿ ಎಂದರೆ ನನಗೆ ಅಷ್ಟೇನೂ ವಿಚಿತ್ರವಲ್ಲ, ಮನೆಯ ಕಡೆಯವರನ್ನು ಕಂಡ ಹಾಗೆ.

ಮೌನ ಮುಗಿದು ಪೂಜೆ ಶುರುವಾಯಿತು. ಅರಬ್ಬಿ, ನಡುನಡುವೆ ಸುರಿಯಾನಿ. "ಖದೀಶಾತ್ ಆಲೋಹೊ" ಎಂದಾಗ ಪಕ್ಕದಲ್ಲಿದ್ದ ಕೋಟ್ಟಯಂನವನು ನನ್ನ ಮೊಣಕೈ ಹಿಂಡಿದ. ಅದು ಅವನ ಅಜ್ಜಿ ಹಾಡುತ್ತಿದ್ದ ಸಾಲು. ಅವಳಿಗೂ ಅರ್ಥ ಗೊತ್ತಿರಲಿಲ್ಲವಂತೆ. ಆ ರಾತ್ರಿ ಅವನು ನಿದ್ದೆ ಮಾಡಲಿಲ್ಲ, ನನ್ನನ್ನೂ ಮಾಡಗೊಡಲಿಲ್ಲ.

ಶುಕ್ರವಾರ ನಬಕ್‌ನಿಂದ ಮುಸ್ಲಿಂ ಕುಟುಂಬಗಳು ಬಂದವು, ಮಕ್ಕಳುಮರಿ ಸಮೇತ. ಬುರ್ಖಾ ಹಾಕಿದ ತಾಯಿಯೊಬ್ಬಳು ಮೇಣದ ಬತ್ತಿ ಹಚ್ಚಿ ಮಾರ್ ಮೂಸಾನಿಗೆ ಏನೋ ಹರಕೆ ಹೇಳಿಕೊಂಡಳು. ಮಂಗಳೂರಿನವನಿಗೆ ಇದೂ ಹೊಸದಲ್ಲ, ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆಗೆ ಯಾರೆಲ್ಲ ಬರುತ್ತಾರೆಂದು ಕಂಡವನು. ಆ ವಾರ ಎರಡು ರಾತ್ರಿ, ಮುಂದಿನ ತಿಂಗಳು ಇನ್ನೊಂದು ರಾತ್ರಿ. ಒಟ್ಟು ಮೂರು ರಾತ್ರಿ ಅಲ್ಲಿ ಉಂಡೆ. ರೊಟ್ಟಿ, ಆಲಿವ್, ಅವರದೇ ಆಡಿನ ಹಾಲಿನ ಚೀಸು.

2011ರ ಮಾರ್ಚಿನಲ್ಲಿ ಸಿರಿಯಾ ಹೊತ್ತಿಕೊಂಡಿತು. ಅಬೂನಾ ಸುಮ್ಮನೆ ಕೂರುವ ಜಾತಿಯಲ್ಲ. ಅಲ್ಲಿನ ಅನೇಕ ಧರ್ಮಾಧ್ಯಕ್ಷರು ಸರಕಾರದ ನೆರಳಿನಲ್ಲಿ ಉಳಿಯುವುದೇ ಲೇಸೆಂದುಕೊಂಡಾಗ ಇವರು ಬೀದಿಗಿಳಿದ ಹುಡುಗರ ಪರ ಮಾತಾಡಿದರು. ಬದಲಾವಣೆ ಬೇಕು, ರಕ್ತವಿಲ್ಲದೆ ಬೇಕು ಎಂದರು. 2012ರ ಜೂನಿನಲ್ಲಿ ಸರಕಾರ ಅವರನ್ನು ದೇಶ ಬಿಡಿಸಿತು. ಮೂವತ್ತು ವರ್ಷ ಕಟ್ಟಿದ ಮನೆಯ ಬಾಗಿಲು ಅವರ ಬೆನ್ನ ಹಿಂದೆ ಮುಚ್ಚಿತು. ಇರಾಕಿನ ಸುಲೈಮಾನಿಯಾದಲ್ಲಿ ಅವರ ಬಳಗದ ಇನ್ನೊಂದು ಮನೆ ಇತ್ತು, ಅಲ್ಲಿ ನೆಲೆ ನಿಂತರು.

ಅಲ್ಲೇ ಇದ್ದಿದ್ದರೆ ಆಗುತ್ತಿತ್ತು. ನನಗೆ ಈಗಲೂ ಸಿಟ್ಟು ಬರುವುದು ಇಲ್ಲಿಯೇ.

ಯೂಫ್ರೆಟಿಸ್ ದಂಡೆಯ ರಕ್ಕಾ 2013ರ ಮಾರ್ಚಿನಲ್ಲಿ ಸರಕಾರದ ಕೈತಪ್ಪಿತು. ಹಾಗೆ ಕೈಬಿಟ್ಟ ಮೊದಲ ಪ್ರಾಂತೀಯ ರಾಜಧಾನಿ ಅದು. ಏಪ್ರಿಲಿನಲ್ಲಿ ಅಲೆಪ್ಪೊ ಬಳಿ ಇಬ್ಬರು ಆರ್ಥೊಡಾಕ್ಸ್ ಮಹಾಧರ್ಮಾಧ್ಯಕ್ಷರನ್ನು ಹೊತ್ತೊಯ್ದರು, ಯೋಹಾನ್ನಾ ಇಬ್ರಾಹಿಂ ಮತ್ತು ಬೌಲೊಸ್ ಯಾಜಿಗಿ. ಅವರು ಇಂದಿಗೂ ಬಂದಿಲ್ಲ. ರಕ್ಕಾದಲ್ಲಿ ಬೇರೆ ಬೇರೆ ಬಣಗಳನ್ನು ಪಕ್ಕಕ್ಕೆ ತಳ್ಳಿ ಐಸಿಸ್ ಮೇಲೇಳುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಜುಲೈ ಕೊನೆಯಲ್ಲಿ, ರಮ್ಜಾನ್ ತಿಂಗಳಲ್ಲಿ, ಅಬೂನಾ ಗಡಿ ದಾಟಿ ರಕ್ಕಾಕ್ಕೆ ಹೋದರು. ಅಲ್ಲಿನ ಜನರ ಗುಂಪಿನ ನಡುವೆ ನಿಂತು ಮಾತಾಡಿದ ವಿಡಿಯೊ ನಾನೂ ನೋಡಿದ್ದೇನೆ, ಅದೇ ಗಡ್ಡ, ಅದೇ ಗಂಟಲು. 29ರಂದು ಐಸಿಸ್ ಕಚೇರಿಗೆ ಹೋದರು, ಹಿಡಿದಿಟ್ಟವರನ್ನು ಬಿಡಿ ಎಂದು ಕೇಳಲು. ಆಮೇಲೆ ಅವರನ್ನು ಕಂಡವರಿಲ್ಲ.

ಎರಡು ದಿನ ಬಿಟ್ಟು ಯೇಸುಸಭೆ ಕಟ್ಟಿದ ಸಂತ ಇಗ್ನೇಶಿಯಸ್ಸರ ಹಬ್ಬ. ದುಬೈಯ ಚರ್ಚಿನಲ್ಲಿ ನಾನು ಅವರ ಹೆಸರು ಹೇಳಿ ಪ್ರಾರ್ಥಿಸಿದೆ, ಎರಡು ವಾರದಲ್ಲಿ ಬಿಡುತ್ತಾರೆ ಎಂಬ ಧೈರ್ಯದಿಂದ. ಆಗಸ್ಟಿನಲ್ಲೇ ಕೊಂದರು ಎಂಬ ಸುದ್ದಿ ಬಂತು. ಇಲ್ಲ, ಇದ್ದಾರೆ ಎಂಬ ಸುದ್ದಿಯೂ ಬಂತು. ಆಮೇಲೆ ಹಾಗೆಯೇ ಆಗುತ್ತಾ ಹೋಯಿತು. 2017ರ ಅಕ್ಟೋಬರಿನಲ್ಲಿ ರಕ್ಕಾ ಐಸಿಸ್‌ನಿಂದ ಬಿಡುಗಡೆಯಾಯಿತು, ಸಾಮೂಹಿಕ ಗುಂಡಿಗಳನ್ನು ಅಗೆದರು. 2019ರಲ್ಲಿ ಅಮೆರಿಕ ಸರಕಾರ ಕಾಣೆಯಾದ ಐವರು ಕ್ರೈಸ್ತ ಗುರುಗಳ ಸುಳಿವಿಗೆ 50 ಲಕ್ಷ ಡಾಲರ್ ವರೆಗೆ ಬಹುಮಾನ ಘೋಷಿಸಿತು, ಅದರಲ್ಲಿ ಇವರ ಹೆಸರೂ ಇತ್ತು. 2024ರ ಡಿಸೆಂಬರ್ 8ರಂದು ಸಿರಿಯಾದ ಅಧ್ಯಕ್ಷ ಅಸ್ಸಾದ್ ಓಡಿಹೋದಾಗ ಜನ ಸೆರೆಮನೆಗಳಿಗೆ ನುಗ್ಗಿ ನೆಲ ಬಡಿದು ನೋಡುತ್ತಿದ್ದರು, ಕೆಳಗೆ ಇನ್ನೊಂದು ಮಹಡಿ ಇರಬಹುದೆಂದು. ಅಬೂನಾ ಅಲ್ಲಿರಲು ಕಾರಣವೇ ಇಲ್ಲ, ಅವರನ್ನು ಹಿಡಿದವರು ಬೇರೆ. ಆದರೂ ನಾನು ರಾತ್ರಿ ಒಂದು ಗಂಟೆಯವರೆಗೆ ಫೋನಿನಲ್ಲಿ ಆ ಮುಖಗಳನ್ನು ಒಂದೊಂದಾಗಿ ನೋಡಿದೆ. ಹೆಂಡತಿ ಬೈದಳು. ಸಿರಿಯಾದಲ್ಲಿ ಹೀಗೆ ಕಾಣೆಯಾದವರು ಒಂದು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಮುಸ್ಲಿಮರು. ಹಾಗೆ ಫೋನು ಉಜ್ಜುತ್ತಾ ಎಷ್ಟು ಮನೆಯವರು ಎಚ್ಚರವಿದ್ದರೋ.

ನನ್ನ ಆಸೆಗೆ ಇನ್ನೊಂದು ಕಾರಣವೂ ಉಂಟು. 2016ರ ಮಾರ್ಚ್ 4ರಂದು ಯೆಮೆನ್‌ನ ಏಡನ್‌ನಲ್ಲಿ ಮದರ್ ತೆರೇಸಾ ಸಭೆಯವರ ವೃದ್ಧಾಶ್ರಮಕ್ಕೆ ಬಂದೂಕುಧಾರಿಗಳು ನುಗ್ಗಿ ನಾಲ್ವರು ಸಿಸ್ಟರ್‌ಗಳೂ ಸೇರಿ ಹದಿನಾರು ಜನರನ್ನು ಕೊಂದರು. ಅಲ್ಲಿದ್ದ ಫಾದರ್ ಟಾಮ್ ಉಝುನ್ನಾಲಿಲ್ ಅವರನ್ನು ಎತ್ತಿಕೊಂಡು ಹೋದರು. ಹುಟ್ಟೂರು ಕೇರಳದ ರಾಮಪುರಂ, ಆದರೆ ಸೇರಿದ್ದು ಸಲೇಶಿಯನ್ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ. ಅದೇ ತಿಂಗಳು 25ಕ್ಕೆ ಶುಭ ಶುಕ್ರವಾರ. ಅವರನ್ನು ಶಿಲುಬೆಗೇರಿಸಿದರಂತೆ ಎಂಬ ಗಾಳಿಸುದ್ದಿ ವಾಟ್ಸಾಪ್‌ನಲ್ಲಿ ಹರಿದಾಡಿತು. ನಮ್ಮವರೇ ಎಷ್ಟೋ ಮಂದಿ ಆತ್ಮಶಾಂತಿ ಕೋರಿ, ಕೈಮುಗಿದ ಚಿತ್ರ ಹಾಕಿ, ಮುಂದೆ ಕಳಿಸಿಯೂ ಆಗಿತ್ತು. ಅಂದರೆ ಗೆರೆಯ ಬಲಕ್ಕೆ ದಾಟಿಸಿಬಿಟ್ಟಿದ್ದರು. 2017ರ ಸೆಪ್ಟೆಂಬರ್ 12ರಂದು ಆ ಮನುಷ್ಯ ಒಮಾನ್ ಮೂಲಕ ಹೊರಗೆ ಬಂದರು, ಬಡಕಲಾಗಿ, ಬಿಳಿ ಗಡ್ಡ ಬಿಟ್ಟು. ಅಷ್ಟು ಕಾಲ ರೊಟ್ಟಿ, ದ್ರಾಕ್ಷಾರಸ ಯಾವುದೂ ಇಲ್ಲದೆ ಮನಸ್ಸಿನಲ್ಲೇ ಬಲಿಪೂಜೆ ಮಾಡುತ್ತಿದ್ದರಂತೆ. ಆ ವಾಟ್ಸಾಪ್ ಸಂದೇಶ ಕಳಿಸಿದವರಲ್ಲಿ ನಾನೂ ಒಬ್ಬ.

ಅದಕ್ಕೇ ಆಫೀಸಿನ ಬೆಂಚಿನ ಮೇಲೆ ಅಷ್ಟು ಹೊತ್ತು ಕೂತದ್ದು.

ಫಾದರ್ ಬಂದರು. ಹುಡುಗಿ ವಿಷಯ ಹೇಳಿದಳು. ಅವರು ನಕ್ಕು, "ಬದುಕಿದವರಿಗೂ ಸತ್ತವರಿಗೂ ಒಂದೇ ಪೂಜೆ, ಎಲ್ಲಾದರೂ ಬರೆ" ಎಂದು ಒಳಗೆ ಹೋದರು. ದೇವಶಾಸ್ತ್ರದ ಮಟ್ಟಿಗೆ ಸರಿಯೇ. ಆದರೆ ಬರೆಯುವವಳಿಗೆ "ಎಲ್ಲಾದರೂ" ಎಂಬ ಕಾಲಂ ಇಲ್ಲವಲ್ಲ. ಅವಳು ಸ್ವಲ್ಪ ಯೋಚಿಸಿ, ಹೆಸರಿನ ಮೊದಲರ್ಧ ಎಡಕ್ಕೂ ಉಳಿದರ್ಧ ಬಲಕ್ಕೂ ಬರುವ ಹಾಗೆ ಗೆರೆಯ ಮೇಲೆಯೇ ಬರೆದಳು. ದುಂಡಗಿನ ಅಕ್ಷರ. ಪಾವ್ ಇಲ್ಲಿ, ಲೊ ಅಲ್ಲಿ.

29ಕ್ಕೆ ಮೊದಲೆಲ್ಲ ಸಂತ ಮಾರ್ತಳ ಹಬ್ಬ ಮಾತ್ರ ಇತ್ತು. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವಳ ತಂಗಿ ಮರಿಯಳನ್ನೂ ತಮ್ಮ ಲಾಜರನನ್ನೂ ಸೇರಿಸಿದರು, ಮೂವರದೂ ಒಂದೇ ದಿನ. ಹಾಗಾಗಿ ಅವತ್ತು ಓದಿದ್ದು ಮಾರ್ತ ದಾರಿಗೆ ಅಡ್ಡ ಬಂದು ಯೇಸುಸ್ವಾಮಿಯನ್ನು ತರಾಟೆಗೆ ತೆಗೆದುಕೊಳ್ಳುವ ಭಾಗ. ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳಲ್ಲ, ಅದು. ಹೊರಗೆ ಮಳೆ ಜೋರಿತ್ತು. ಒಳಗೆ ಇಪ್ಪತ್ತು ಜನ ಇದ್ದರೆ ಹೆಚ್ಚು. ಉದ್ದೇಶಗಳನ್ನು ಓದುವವರು ಒಂದು ವರ್ಷಾಂತಿಕಕ್ಕೂ ಒಂದು ಮೊಣಕಾಲು ಆಪರೇಷನ್‌ಗೂ ನಡುವೆ ತಡವರಿಸಿ "ಫಾದರ್ ಪೌಲ್, ಸಿರಿಯಾ" ಎಂದು ಓದಿ ಮುಂದೆ ಹೋದರು.

ಪೂಜೆ ಮುಗಿದ ಮೇಲೆ ಪೋರ್ಟಿಕೋದಲ್ಲಿ ಮಳೆ ನಿಲ್ಲಲೆಂದು ಕಾಯುತ್ತಿದ್ದೆ. ಅದೇ ಲಕೋಟೆಯ ಹೆಂಗಸು ಪಕ್ಕದಲ್ಲಿ ಕೊಡೆ ಬಿಡಿಸುತ್ತಾ ಕೇಳಿದರು, "ಸಿರಿಯಾದ ಫಾದರ್ ನಿಮ್ಮ ಸಂಬಂಧದವರಾ?"

"ಸಂಬಂಧ ಅಂತಲ್ಲ. ಅವರ ಮನೆಯಲ್ಲಿ ಮೂರು ರಾತ್ರಿ ಉಂಡಿದ್ದೇನೆ" ಎಂದೆ.

"ಓಹೋ" ಎಂದವರು, ನನ್ನ ಹತ್ತಿರ ಕೊಡೆ ಇಲ್ಲದ್ದು ಕಂಡು, ಬಸ್ ಸ್ಟಾಪಿನವರೆಗೆ ಬಿಡುತ್ತೇನೆ ಬನ್ನಿ ಎಂದರು.