ಕಣ್ಣಿಗೆ ಬಿದ್ದ ಹಕ್ಕಿ ಚೌಕಟ್ಟಿಗೂ ಬರಬೇಕು

ನಾಲ್ಕು ವರ್ಷಗಳ ಹಿಂದೆ, ಚಳಿ ಇನ್ನೂ ಬಿಡದ ಒಂದು ಬೆಳಗು, ಅನಗವಾಡಿ ಸೇತುವೆಯ ಹತ್ತಿರ ಘಟಪ್ರಭೆಯ ದಂಡೆಯಲ್ಲಿ ನಿಂತು ಹೊಳೆ ರೀವಗಳ (ರಿವರ್ ಟರ್ನ್ ಹಕ್ಕಿಗಳ) ಚಿತ್ರಕ್ಕಾಗಿ ಮೂರು ತಾಸು ಕಾದಿದ್ದೆ. ಬಾಗಲಕೋಟೆಯ ಮನೆಗೆ ಮರಳಿ ಕಾರ್ಡಿನಲ್ಲಿದ್ದ ಚಿತ್ರಗಳನ್ನು ನೋಡಿದಾಗ 300ಕ್ಕೂ ಹೆಚ್ಚು ಚಿತ್ರಗಳಲ್ಲಿ ಅರ್ಧದಷ್ಟರಲ್ಲಿ ಬರೀ ಆಕಾಶವಿತ್ತು; ಉಳಿದವುಗಳಲ್ಲಿ ಒಂದು ರೆಕ್ಕೆಯ ತುದಿ, ಒಂದು ಕವಲು ಬಾಲ, ತಲೆ ಹೊರಗೆ ಉಳಿದ ಮೈ. ಬೆಳಕು ಚೆನ್ನಾಗಿತ್ತು, ಹಕ್ಕಿಗಳು ತಲೆಯ ಮೇಲೆಯೇ ಸುಳಿದಾಡುತ್ತಿದ್ದವು, ಕ್ಯಾಮೆರಾ ಕೂಡ ಕೆಟ್ಟಿರಲಿಲ್ಲ. ನನ್ನ ಕೈಯಲ್ಲಿದ್ದ ಲೆನ್ಸ್ ಆ ಕೆಲಸಕ್ಕೆ ತಕ್ಕುದಾಗಿರಲಿಲ್ಲ ಎಂಬುದು ಅರ್ಥವಾಗಲು ನನಗೆ ಮತ್ತೂ ಒಂದು ವರ್ಷ ಬೇಕಾಯಿತು.

ಅದು 600 ಮಿ.ಮೀ. ಫೋಕಲ್ ಉದ್ದದವರೆಗೆ ಹೋಗುವ, ಎರಡು ಕಿಲೋ ಮೀರಿದ ತೂಕದ ಜೂಮ್ ಲೆನ್ಸ್. ಹಕ್ಕಿ ಚಿತ್ರಕ್ಕೆ ಇಳಿಯುವ ಬಹುತೇಕರಂತೆ ನಾನೂ ಅಂಗಡಿಯಲ್ಲಿ ಒಂದೇ ಅಂಕಿಯನ್ನು ನೋಡಿದ್ದೆ: ಎಷ್ಟು ದೂರ ಎಳೆಯುತ್ತದೆ ಎಂಬುದನ್ನು. ಕೊಂಬೆಯ ಮೇಲೆ ಕುಳಿತ ಮಿಂಚುಳ್ಳಿಗೆ ಆ ಅಂಕಿ ನಿಜವಾಗಿಯೂ ಮುಖ್ಯ. ಹಾರುವ ಹಕ್ಕಿಯ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗಿ ಬೀಳುತ್ತದೆ. ನನ್ನದು ಕ್ರಾಪ್ ಸೆನ್ಸರಿನ, ಅಂದರೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕದಾಗಿರುವ ಕ್ಯಾಮೆರಾ. ಅದರ ಸೆನ್ಸರಿನ ಅಗಲ 23.5 ಮಿ.ಮೀ. ಇದಕ್ಕೆ 600 ಮಿ.ಮೀ. ಲೆನ್ಸ್ ಹಾಕಿದರೆ 50 ಮೀಟರ್ ದೂರದಲ್ಲಿ ಚೌಕಟ್ಟಿಗೆ ಸಿಗುವ ಜಾಗದ ಅಗಲ ಸುಮಾರು 2 ಮೀಟರ್ ಮಾತ್ರ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅಡ್ಡ ಹಾಯುವ ಹಕ್ಕಿ ಸೆಕೆಂಡಿಗೆ 10 ಮೀಟರ್ ಸಾಗುವುದರಿಂದ, ಆ ಎರಡು ಮೀಟರನ್ನು ಅದು ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ದಾಟಿ ಹೋಗಿರುತ್ತದೆ. ಬರಿಗಣ್ಣಿಗೆ ಕಂಡ ಹಕ್ಕಿಯನ್ನು ವ್ಯೂಫೈಂಡರಿನ ಇಷ್ಟು ಸಣ್ಣ ಕಿಂಡಿಯಲ್ಲಿ ಹುಡುಕಿ ಹಿಡಿಯುವುದು ಅಭ್ಯಾಸವಿಲ್ಲದ ಕೈಗೆ ಆಗುವ ಕೆಲಸವಲ್ಲ. ಅದೇ ಕ್ಯಾಮೆರಾದಲ್ಲಿ 300 ಮಿ.ಮೀ. ಲೆನ್ಸ್ ಅದೇ ದೂರದಲ್ಲಿ ಹೆಚ್ಚುಕಡಿಮೆ 4 ಮೀಟರ್ ಅಗಲವನ್ನು ತೋರಿಸುತ್ತದೆ.

ಇನ್ನೊಂದು ಲೆಕ್ಕ ನನ್ನ ಅಭಿಪ್ರಾಯವನ್ನು ಪೂರ್ತಿ ಬದಲಿಸಿತು. ಹೊಳೆ ರೀವದ ರೆಕ್ಕೆಯ ಹರವು ಸುಮಾರು 80 ಸೆಂ.ಮೀ. ಅದು 25 ಮೀಟರ್ ದೂರದಲ್ಲಿ ಹಾಯುವಾಗ 600 ಮಿ.ಮೀ. ಲೆನ್ಸ್ ಸೆನ್ಸರಿನ ಮೇಲೆ 19 ಮಿ.ಮೀ. ಉದ್ದದ ಬಿಂಬವನ್ನು ಮೂಡಿಸುತ್ತದೆ. ಅಂದರೆ ಹಕ್ಕಿ ನಟ್ಟನಡುವೆ ಇದ್ದರೆ ಮಾತ್ರ ಎರಡೂ ರೆಕ್ಕೆ ಒಳಗೆ ಉಳಿಯುತ್ತವೆ, ಕೈ ಸ್ವಲ್ಪ ಹಿಂದೆ ಬಿದ್ದರೂ ಒಂದು ರೆಕ್ಕೆ ಕತ್ತರಿಸಿ ಹೋಗುತ್ತದೆ. 420 ಮಿ.ಮೀ.ನಲ್ಲಿ ಅದೇ ಬಿಂಬ 13 ಮಿ.ಮೀ. ಆಗಿ, ಚೌಕಟ್ಟಿನ ಅರ್ಧವನ್ನು ತುಂಬಿ, ಸುತ್ತಲೂ ಹಕ್ಕಿಗೆ ಹಾರಲು ಬೇಕಾದ ಜಾಗವನ್ನು ಬಿಡುತ್ತದೆ. ಆ ಬೆಳಗಿನ ಮುರಿದ ರೆಕ್ಕೆಗಳ ಕಾರಣ ನನಗೆ ಈ ಎರಡು ಅಂಕಿಗಳ ನಡುವೆ ಸಿಕ್ಕಿತು.

ಹಾಗಾದರೆ ದೂರದ ಹಕ್ಕಿಗಳ ಗತಿ ಏನು ಎಂದು ಯಾರಾದರೂ ಕೇಳಬಹುದು, ಏಕೆಂದರೆ ನಮ್ಮ ಹಿನ್ನೀರಿನಲ್ಲಿ ದೂರವೇ ದೊಡ್ಡ ತೊಡಕು. ಮಳೆಗಾಲದಲ್ಲಿ ಆಲಮಟ್ಟಿ ಜಲಾಶಯ 519.60 ಮೀಟರಿನ ಪೂರ್ಣ ಮಟ್ಟಕ್ಕೆ ತುಂಬಿದಾಗ ಕೃಷ್ಣೆಯೂ ಘಟಪ್ರಭೆಯೂ ದಂಡೆ ಮೀರಿ ಹರಡಿಕೊಳ್ಳುತ್ತವೆ. ಚಳಿಗಾಲ ಕಳೆದಂತೆ ನೀರು ಹಿಂದೆ ಸರಿದು, ಎರೆ ಮಣ್ಣಿನ ಕೆಸರಿನ ಬಯಲುಗಳೂ ಮೊಣಕಾಲುದ್ದದ ನೀರಿನ ತಟ್ಟೆಗಳೂ ತೆರೆದುಕೊಳ್ಳುತ್ತವೆ. ರಾಜಹಂಸಗಳು ಇಳಿಯುವುದು ಆ ಆಳವಿಲ್ಲದ ನೀರಿಗೆ. ಅವು ನಿಂತಿರುವ ಜಾಗಕ್ಕೂ ನಾವು ಕಾಲು ಹೂಳದೆ ನಿಲ್ಲಬಹುದಾದ ಗಟ್ಟಿ ನೆಲಕ್ಕೂ ನಡುವೆ 150 ಮೀಟರ್ ಇರುವುದು ಸಾಮಾನ್ಯ. ಒಂದೂವರೆ ಮೀಟರ್ ರೆಕ್ಕೆಯ ಹರವಿನ ರಾಜಹಂಸ ಅಷ್ಟು ದೂರದಲ್ಲಿ 420 ಮಿ.ಮೀ. ಲೆನ್ಸಿನಲ್ಲಿ 4 ಮಿ.ಮೀ. ಬಿಂಬವಾದರೆ, 600ರಲ್ಲಿ 6 ಮಿ.ಮೀ. ಆಗುತ್ತದೆ. ಎರಡರಲ್ಲೂ ಅದು ಚಿಕ್ಕದೇ. ಆ ದೂರದ ಕೊರತೆಯನ್ನು ಲೆನ್ಸ್ ನೀಗಿಸಲಾರದು. ನಸುಕಿನಲ್ಲೇ ಹೋಗಿ, ದಂಡೆಯ ಜಾಲಿ ಮರೆಯಲ್ಲಿ ತಗ್ಗಿ ಕುಳಿತು, ಹಿಂಡು ಮೇಯುತ್ತ ತಾನಾಗಿ ಈ ಕಡೆ ಬರುವವರೆಗೆ ಕಾಯುವುದೊಂದೇ ಅದಕ್ಕೆ ದಾರಿ. ಒಂದು ಹಾರುವ ಚಿತ್ರದ ಆಸೆಗೆ ಮೇಯುತ್ತಿರುವ ಹಿಂಡನ್ನು ಎಬ್ಬಿಸುವವರನ್ನು ಹಿನ್ನೀರಿನಲ್ಲಿ ನಾನು ಕಂಡಿದ್ದೇನೆ, ಅದು ನನಗೆ ಇಂದಿಗೂ ಸಹಿಸಲಾಗದ ನೋಟ. ಅಷ್ಟು ದೂರದಿಂದ ಬಂದ ಹಕ್ಕಿ ಮೇಯಬೇಕಾದ ಹೊತ್ತಿನಲ್ಲಿ ನಮಗಾಗಿ ಓಡುವಂತಾಗಬಾರದು.

ತೂಕದ ಮಾತನ್ನು ಅಂಗಡಿಯಲ್ಲಿ ಯಾರೂ ಎತ್ತುವುದಿಲ್ಲ. ಕುಳಿತ ಹಕ್ಕಿಗೆ ಟ್ರೈಪಾಡ್ ಇದೆ. ಹಾರುವ ಹಕ್ಕಿ ಯಾವ ದಿಕ್ಕಿನಿಂದ ಬರುತ್ತದೆಂದು ಗೊತ್ತಿಲ್ಲದಿರುವುದರಿಂದ ಬಹುಪಾಲು ಕೆಲಸ ಕೈಯಲ್ಲೇ ನಡೆಯಬೇಕು. ಎರಡು ಕಿಲೋ ಲೆನ್ಸ್, ಮೇಲೊಂದು ಕಿಲೋಗೆ ಹತ್ತಿರವಾದ ಕ್ಯಾಮೆರಾ, ಇವೆರಡನ್ನೂ ಕಣ್ಣಿನ ಮಟ್ಟಕ್ಕೆ ಏರಿಸುವ ಕ್ರಿಯೆಯನ್ನು ಬೆಳಗಿನಿಂದ ನೂರು ಸಲ ಮಾಡಿದವನ ತೋಳು ನೂರೊಂದನೆಯ ಸಲ ಅರೆಗಳಿಗೆ ತಡವಾಗಿ ಏಳುತ್ತದೆ, ಮತ್ತು ಆ ಅರೆಗಳಿಗೆಯಲ್ಲೇ ಹಕ್ಕಿ ಹೋಗಿಬಿಟ್ಟಿರುತ್ತದೆ. ಜೂಮ್ ಮಾಡಿದಾಗ ಮುಂದಕ್ಕೆ ಚಾಚಿಕೊಳ್ಳುವ ಲೆನ್ಸುಗಳಲ್ಲಿ ಭಾರವೂ ಮುಂದಕ್ಕೆ ಸರಿದು ಎಡಗೈಗೆ ಇನ್ನಷ್ಟು ಶ್ರಮವಾಗುತ್ತದೆ.

ಫೋಕಸಿನ ವಿಷಯದಲ್ಲಿ ನಮ್ಮ ಗಾಳಿಯನ್ನು ತಿಳಿದುಕೊಂಡಿರುವುದು ಒಳ್ಳೆಯದು. ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಚಳಿಗಾಲದಲ್ಲಿ ಮೂಡಗಾಳಿ ಬೀಸುವ ಬೆಳಗು ಸೂರ್ಯನಿಗೆ ಬೆನ್ನು ಕೊಟ್ಟು ನಿಂತರೆ, ಗಾಳಿಯೂ ಬೆನ್ನಿಗೆ ಬರುವುದರಿಂದ, ಬಣ್ಣದ ಕೊಕ್ಕರೆಗಳು ಮುಖದ ಮೇಲೆ ಬೆಳಕು ಹೊತ್ತು ನೇರ ನಮ್ಮತ್ತ ಬರುತ್ತವೆ. ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ, ಲೆನ್ಸಿನ ಮೋಟಾರಿಗೆ ಇದಕ್ಕಿಂತ ಕಠಿಣ ಪರೀಕ್ಷೆಯೂ ಇನ್ನೊಂದಿಲ್ಲ. ಹಕ್ಕಿ 100 ಮೀಟರಿನಿಂದ 80 ಮೀಟರಿಗೆ ಬರುವಾಗ ಫೋಕಸ್ ಎಷ್ಟು ಸರಿಯಬೇಕೋ, 40ರಿಂದ 20 ಮೀಟರಿಗೆ ಬರುವಾಗ ಅದರ ಹತ್ತು ಪಟ್ಟು ಸರಿಯಬೇಕು. ದಾರಿ ಎರಡರಲ್ಲೂ 20 ಮೀಟರೇ. ಆದ್ದರಿಂದ ಕೊಳ್ಳುವ ಮೊದಲು ಲೆನ್ಸನ್ನು ದೂರದ ಗೋಪುರಕ್ಕೆ ಹಿಡಿದು ನೋಡುವುದರಿಂದ ಏನೂ ತಿಳಿಯದು. ನಮ್ಮತ್ತ ಬರುವ ಬೈಕಿಗೆ ಹಿಡಿದು, ಅದು ಹತ್ತಿರವಾದಂತೆ ಫೋಕಸ್ ಜೊತೆಗೂಡುತ್ತದೆಯೋ ಹಿಂದೆ ಉಳಿಯುತ್ತದೆಯೋ ಎಂಬುದನ್ನು ನೋಡಬೇಕು. ಹಿಂದೆ ಉಳಿದರೆ ಕ್ಷಮೆಯಿಲ್ಲ: 500 ಮಿ.ಮೀ., ಎಫ್ 5.6 (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ; ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು), 20 ಮೀಟರ್ ದೂರ ಎಂದಿಟ್ಟುಕೊಂಡರೆ ಸ್ಪಷ್ಟವಾಗಿ ಮೂಡುವ ಆಳ ಒಂದು ಮೊಳಕ್ಕೂ ಕಡಿಮೆ. ಕೊಕ್ಕು ಸ್ಪಷ್ಟವಾಗಿದ್ದಾಗ ಬಾಲ ಮಸುಕಾಗಿಯೇ ಇರುತ್ತದೆ. ಇದೇ ಕಾರಣಕ್ಕೆ ಲೆನ್ಸಿನ ಬದಿಯಲ್ಲಿರುವ ಫೋಕಸ್ ಮಿತಿಯ ಗುಂಡಿಯನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ನಿಕಾನ್ 200-500ರಲ್ಲಿ ಅದು 6 ಮೀಟರಿನಿಂದ ಆಚೆಗೆ, ಕ್ಯಾನನ್ 400 ಎಫ್ 5.6ರಲ್ಲಿ 8.5 ಮೀಟರಿನಿಂದ ಆಚೆಗೆ ಎಂದು ಮೋಟಾರಿನ ಹುಡುಕಾಟವನ್ನು ಕಟ್ಟಿಹಾಕುತ್ತದೆ. ಒಮ್ಮೆ ಗುರಿ ತಪ್ಪಿದ ಫೋಕಸ್ ಕಾಲಬುಡದವರೆಗೆ ಓಡಿ ಮರಳುವ ದಂಡ ತಪ್ಪುತ್ತದೆ.

ಆ ಕ್ಯಾನನ್ 400 ಎಫ್ 5.6 ಲೆನ್ಸ್ 1993ರದು. ಅದರಲ್ಲಿ ಕೈನಡುಕ ತಡೆಯುವ ವ್ಯವಸ್ಥೆಯೇ ಇಲ್ಲ, ಆದರೂ ಹಾರುವ ಹಕ್ಕಿಯ ಚಿತ್ರಕಾರರು ಅದನ್ನು ದಶಕಗಳ ಕಾಲ ಪ್ರೀತಿಸಿದರು. ಕಾರಣ ಸರಳ. ರೆಕ್ಕೆಯ ಬಡಿತವನ್ನು ನಿಲ್ಲಿಸಲು 1/2000 ಅಥವಾ 1/2500 ಸೆಕೆಂಡಿನ ಶಟರ್ ಹೇಗೂ ಬೇಕು. ಆ ವೇಗದಲ್ಲಿ ಕೈನಡುಕ ಚಿತ್ರಕ್ಕೆ ತಗಲುವುದು ತೀರ ಕಡಿಮೆ. ಉಳಿದದ್ದು 1,250 ಗ್ರಾಂ ತೂಕ, ಚುರುಕಿನ ಫೋಕಸ್, ನೇರ ಉದ್ದದ ಕೊಳವೆ.

ನಾನು ಕೊನೆಗೆ ಆರಿಸಿಕೊಂಡದ್ದು ಇದೇ ಜಾಡಿನದು. ಹುಬ್ಬಳ್ಳಿಯಿಂದ ಎರಡು ಲೆನ್ಸುಗಳನ್ನು ಬೇರೆ ಬೇರೆ ವಾರ ಬಾಡಿಗೆಗೆ ತಂದು ಹೆರಕಲ್ ಕಡೆಯ ದಂಡೆಯಲ್ಲಿ ಬಳಸಿ ನೋಡಿದೆ. 2015ರ ನಿಕಾನ್ 200-500 ಚಿತ್ರದ ಗುಣದಲ್ಲಿ ಏನೂ ಕಡಿಮೆಯಿಲ್ಲದ್ದು, ಆದರೆ ಟ್ರೈಪಾಡಿಗೆ ಕೂರಿಸುವ ಕಾಲರ್ ಸೇರಿ 2,300 ಗ್ರಾಂ ತೂಗುತ್ತದೆ. 2018ರಲ್ಲಿ ಬಂದ ನಿಕಾನಿನದೇ 500 ಮಿ.ಮೀ. ಪಿಎಫ್ (ಫೇಸ್ ಫ್ರೆನೆಲ್ ಎಂಬ ಗಾಜಿನ ಲೆನ್ಸ್) 1,460 ಗ್ರಾಂ. ಹಿಡಿದ ಕ್ಷಣವೇ ಮನಸ್ಸು ಸೋತಿತು, ಬೆಲೆ ಮಾತ್ರ ನನ್ನ ಸಂಬಳಕ್ಕೆ ಎಟುಕುವಂತಿರಲಿಲ್ಲ. ಹಳೆಯ ಮಾಲಾಗಿ ಸಿಕ್ಕ 300 ಮಿ.ಮೀ. ಎಫ್ 4 ಪಿಎಫ್ ಲೆನ್ಸನ್ನು ಫೋಕಲ್ ಉದ್ದವನ್ನು 1.4 ಪಟ್ಟು ಹೆಚ್ಚಿಸುವ ಟೆಲಿಕನ್ವರ್ಟರ್ ಜೊತೆ ಕೊಂಡೆ. 755 ಗ್ರಾಂ ಲೆನ್ಸಿಗೆ 190 ಗ್ರಾಂ ಕನ್ವರ್ಟರ್ ಸೇರಿ, ಒಂದು ಕಿಲೋ ಒಳಗೇ 420 ಮಿ.ಮೀ. ಎಫ್ 5.6 ಕೈಗೆ ಬರುತ್ತದೆ. ಕನ್ವರ್ಟರ್ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕನ್ನು ತಿನ್ನುತ್ತದೆ ಮತ್ತು ಫೋಕಸನ್ನು ಕೊಂಚ ನಿಧಾನಗೊಳಿಸುತ್ತದೆ, ಹೀಗಾಗಿ ಕೊಕ್ಕರೆಗಳು ಹತ್ತಿರ ಹಾಯುವ ದಿನ ಅದನ್ನು ಕಳಚಿ ಜೇಬಿಗೆ ಹಾಕಿಕೊಳ್ಳುತ್ತೇನೆ.  ಲೆನ್ಸ್ ಹಗುರವೂ ಗಿಡ್ಡವೂ ಆಗಿರುವುದು ಆ ಫೇಸ್ ಫ್ರೆನೆಲ್ ಗಾಜಿನಿಂದಲೇ. ಸೂರ್ಯನಂಥ ಬಲವಾದ ಬೆಳಕು ಚೌಕಟ್ಟಿನೊಳಗೆ ಬಂದರೆ ಬಣ್ಣದ ಉಂಗುರಗಳು ಮೂಡುವ ಸಾಧ್ಯತೆಯಿರುವುದರಿಂದ, ಮುಳುಗುವ ಸೂರ್ಯನ ಮುಂದೆ ಹಾಯುವ ಹಿಂಡೇ ಬೇಕೆನ್ನುವವರು ಇದನ್ನು ಯೋಚಿಸಿ ಕೊಳ್ಳಬೇಕು.

ಈ ವರ್ಷ ವಿಜಯಪುರದಲ್ಲಿರುವ ನಮ್ಮ ಅಕ್ಕನ ಮಗ, "ಮಾಮಾ, ನಾನು ಮಿರರ್‌ಲೆಸ್ ತೊಗೊಂಡೀನಿ, ಅದಕ್ಕ ಯಾವ ಲೆನ್ಸ್ ಹಾಕಲಿ?" ಎಂದು ಕೇಳಿದ. ಅವನ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಗುರುತಿಸುತ್ತದೆ. ಇದು ದೊಡ್ಡ ಅನುಕೂಲ, ಆದರೆ ಹಕ್ಕಿ ಚೌಕಟ್ಟಿನೊಳಗೆ ಬಂದ ಮೇಲಿನ ಅನುಕೂಲ. ಒಳಗೆ ತರುವ ಕೆಲಸ ಇಂದಿಗೂ ತೋಳಿನದೇ. ಜೂಮ್ ಬೇಕೆಂದರೆ ಒಳಗೇ ಚಲಿಸುವ, ಉದ್ದ ಬದಲಾಗದ ಜೂಮ್ ನೋಡು ಎಂದೆ. 2019ರ ಸೋನಿ 200-600 ಮತ್ತು 2023ರ ನಿಕಾನ್ ಝಡ್ 180-600 ಎರಡೂ ಅಂಥವು. ನಿಕಾನಿನ ಉಂಗುರ 70 ಡಿಗ್ರಿ ತಿರುವಿನಲ್ಲೇ ಈ ತುದಿಯಿಂದ ಆ ತುದಿಗೆ ಹೋಗುವುದರಿಂದ, 180ರಲ್ಲಿ ಹಕ್ಕಿಯನ್ನು ಹುಡುಕಿ, ಕಣ್ಣು ತೆಗೆಯದೆ, ಕೈಯ ಹಿಡಿತ ಬದಲಿಸದೆ ಮುಂದೆ ಹೋಗಬಹುದು. ತೂಕವೇ ಚಿಂತೆಯಾದರೆ ಕ್ಯಾನನ್ ಆರ್‌ಎಫ್ 100-500 ಕಾಲರ್ ಇಲ್ಲದೆ 1,370 ಗ್ರಾಂ. ಕ್ಯಾನನ್ನಿನದೇ 600 ಮಿ.ಮೀ. ಎಫ್ 11 ಇನ್ನೂ ಹಗುರ, 930 ಗ್ರಾಂ ಮಾತ್ರ, ಎಫ್ 5.6ಕ್ಕಿಂತ ಎರಡು ಸ್ಟಾಪ್ ಕಡಿಮೆ ಬೆಳಕು ಎಂದರೆ ಐಎಸ್‌ಓ (ಸೆನ್ಸರಿನ ಬೆಳಕಿನ ಸಂವೇದನೆ) ನಾಲ್ಕು ಪಟ್ಟು ಏರಿಸಬೇಕಾಗುತ್ತದೆ. ಹಕ್ಕಿ ಹೆಚ್ಚು ಹಾರುವ ಬೆಳಗಿನ ಮೊದಲ ತಾಸಿನಲ್ಲಿ ಅದು ದುಬಾರಿ ಎಂದು ನನ್ನ ಎಣಿಕೆ.

ಬೇಸಿಗೆಯ ಮಾತು ಬೇರೆ. ಮಾರ್ಚ್ ದಾಟಿದ ಮೇಲೆ ಬೆಳಗಿನ ಒಂಬತ್ತಕ್ಕೇ ಕೆಸರಿನ ಬಯಲಿನ ಮೇಲೆ ಗಾಳಿ ಕುದಿಯತೊಡಗುತ್ತದೆ, ಬಿಸಿಲ್ಗುದುರೆ ಓಡುತ್ತದೆ. ಆ ಹೊತ್ತಿನಲ್ಲಿ ನೂರು ಮೀಟರ್ ಆಚೆಯ ಹಕ್ಕಿಗೆ ಎಷ್ಟು ಬೆಲೆಯ ಲೆನ್ಸ್ ಹಿಡಿದರೂ ಗರಿಯ ಗೆರೆಗಳು ಸಿಗುವುದಿಲ್ಲ, ಉದ್ದದ ಲೆನ್ಸ್ ಆ ಅಲುಗಾಟವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಎಷ್ಟೋ ಜನ ಇದನ್ನು ಲೆನ್ಸಿನ ದೋಷವೆಂದು ಭಾವಿಸಿ ಒಳ್ಳೆಯ ಲೆನ್ಸನ್ನು ಮಾರಿಬಿಡುತ್ತಾರೆ. ಹಾಗೆ ಮಾರಿದ್ದನ್ನೇ ನಾವು ಹಳೆಯ ಮಾಲಿನಲ್ಲಿ ಕೊಳ್ಳುತ್ತೇವೆ. ಕೊಳ್ಳುವಾಗ ಟಾರ್ಚ್ ಹಿಡಿದು ಒಳಗೆ ಬೂಸ್ಟು ಹಿಡಿದಿದೆಯೇ, ಫೋಕಸ್ ಓಡುವಾಗ ಮೋಟಾರ್ ಕಿರುಗುಟ್ಟುತ್ತದೆಯೇ, ಉಂಗುರದಲ್ಲಿ ಎರೆ ಮಣ್ಣಿನ ಧೂಳು ಕರಕರ ಎನ್ನುತ್ತದೆಯೇ ಎಂಬ ಮೂರನ್ನು ನೋಡಿದರೆ ಸಾಕು.

ನನ್ನ 420 ಎಲ್ಲ ಕಡೆ ಸಾಲುವುದಿಲ್ಲ. ಹಿಂಗಾರಿ ಜೋಳ, ಕಡಲೆಯ ಹೊಲಗಳ ಮೇಲೆ ತಗ್ಗಿ ತಗ್ಗಿ ಹಾರುವ ಸೆಳೆವಗಳೆಂಬ (ಹ್ಯಾರಿಯರ್) ಬೇಟೆ ಹಕ್ಕಿಗಳು ಮನುಷ್ಯನನ್ನು ಕಂಡ ಕೂಡಲೇ ದೂರ ಸರಿಯುತ್ತವೆ. ಅವುಗಳಿಗಾಗಿ ವರ್ಷಕ್ಕೆ ಎರಡು ವಾರ 500 ಪಿಎಫ್ ಬಾಡಿಗೆಗೆ ತರುತ್ತೇನೆ, ವಿಜಯಪುರಕ್ಕೆ ಹೋಗಿ ಅಳಿಯನನ್ನೂ ಕರೆದುಕೊಂಡು ಹೊಲದ ಬದುವಿನಲ್ಲಿ ಕೂರುತ್ತೇನೆ. ಕಳೆದ ಸಲ ಅವನು ತನ್ನ ಜೂಮನ್ನು 200ಕ್ಕೆ ಇಟ್ಟು, ಎರಡೂ ಕಣ್ಣು ತೆರೆದು ಹಕ್ಕಿಯನ್ನು ಹುಡುಕುವುದನ್ನು ಕಲಿತಿದ್ದ. ನಾನು ಹೇಳುವ ಮೊದಲೇ ಒಂದು ಗಂಡು ಸೆಳೆವ ಕಡಲೆಯ ಸಾಲಿನ ಮೇಲೆ ತಿರುಗಿದಾಗ ಅವನ ಶಟರ್ ಸದ್ದು ಮಾಡಿತು.