ಬೀನ್ಸ್ ಎಲೆಯಲ್ಲಿ ಹೆಚ್ಚಿದ ನುಸಿ, ಟೊಮೆಟೊದಲ್ಲಿ ಏಕೆ ಹೆಚ್ಚಲಿಲ್ಲ?

ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಾರದ ಮಾರ್ಚ್ ತಿಂಗಳಿನಲ್ಲಿ, ಕೊಡಗಿನ ಸುಂಟಿಕೊಪ್ಪದ ಹತ್ತಿರವಿರುವ ನಮ್ಮ ಮನೆಯ ಹಿತ್ತಲಿನ ಬೀನ್ಸ್ ಎಲೆಗಳು ಬಿಳಿಚುಕ್ಕೆ ಬಿದ್ದು ಒಣಗತೊಡಗಿದವು. ಅದೇ ಪಾತಿಗೆ ತಾಗಿಕೊಂಡಿದ್ದ ಟೊಮೆಟೊ ಗಿಡಗಳು ಹಸಿರಾಗಿಯೇ ಇದ್ದವು. ಬದನೆಗೆ ಅಲ್ಲಲ್ಲಿ ಮಾತ್ರ ತಗುಲಿತ್ತು. ಬಿಸಿಲು, ನೀರು, ಗೊಬ್ಬರ ಎಲ್ಲಕ್ಕೂ ಒಂದೇ ಆಗಿರುವಾಗ ಹಾನಿ ಮಾತ್ರ ಏಕೆ ಬೇರೆಯಾಯಿತು ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪಕ್ಕದ ತೋಟದವರು, "ಸ್ವಲ್ಪ ಯೂರಿಯಾ ಕೊಟ್ಟು ಔಷಧಿ ಹೊಡೆಸಿ ಅಕ್ಕ, ಚಿಗುರಿಕೊಳ್ಳುತ್ತದೆ" ಎಂದರು. ರಜೆಗೆ ಬಂದಿದ್ದ ಅಕ್ಕನ ಮಗಳು, ಕೃಷಿ ಓದುತ್ತಿರುವವಳು, ಅದಕ್ಕೆ ಒಪ್ಪಲಿಲ್ಲ. "ಮೊದಲು ಎಲೆಯ ಅಡಿಭಾಗ ನೋಡೋಣ ಚಿಕ್ಕಮ್ಮ" ಎಂದು ಭೂತಗನ್ನಡಿ ತಂದಳು.

ಬೀನ್ಸ್ ಎಲೆಯ ಅಡಿಯಲ್ಲಿ, ನಡುನರದ ಎರಡೂ ಬದಿಗೆ ತೆಳುವಾದ ಬಲೆ ಹರಡಿತ್ತು. ಬಲೆಯ ಕೆಳಗೆ ಅರ್ಧ ಮಿಲಿಮೀಟರಿನಷ್ಟೇ ಉದ್ದದ, ಬೆನ್ನಿನ ಇಕ್ಕೆಲಗಳಲ್ಲಿ ಕಪ್ಪು ಮಚ್ಚೆಯಿದ್ದ, ಎಲೆಯ ರಸ ಹೀರುವ ಜೇಡನುಸಿಗಳು (ಸ್ಪೈಡರ್ ಮೈಟ್) ಓಡಾಡುತ್ತಿದ್ದವು; ಗುಂಡಗಿನ ಮೊಟ್ಟೆಗಳು ಗಾಜಿನಂತೆ ಹೊಳೆಯುತ್ತಿದ್ದವು. ಒಂದೆಡೆ ಅಲುಗಾಡದೆ ಬಿದ್ದಿದ್ದ ಮರಿಯ ಮೇಲೆ ಸಣಕಲು ನುಸಿಯೊಂದು ಕುಳಿತಿತ್ತು. ಆ ಮರಿ ಸತ್ತಿದೆಯೇ ಎಂದು ಕೇಳಿದೆ. ಅದು ಕೊನೆಯ ಬಾರಿ ಪೊರೆ ಕಳಚಲು ಸಿದ್ಧವಾಗಿರುವ ಹೆಣ್ಣೆಂದೂ, ಹೊರಬಂದ ಕೂಡಲೇ ಕೂಡಲು ಗಂಡು ಕಾದಿರುವುದೆಂದೂ ಅವಳು ಹೇಳಿದಳು. ಗಂಡಿನ ಜೊತೆ ಕೂಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಆದರೆ ಅವುಗಳಿಂದ ಗಂಡುಗಳೇ ಹುಟ್ಟುತ್ತವೆ; ಕೂಡಿದ ಹೆಣ್ಣಿನ ಮೊಟ್ಟೆಗಳಲ್ಲಿ ಸಾಮಾನ್ಯವಾಗಿ ಹೆಣ್ಣುಗಳೇ ಹೆಚ್ಚು.

ಆ ಸಂಜೆ ನಾವು ತಟ್ಟೆಗಳಲ್ಲಿ ಒದ್ದೆ ಹತ್ತಿ ಹಾಸಿ, ಮೂರೂ ಗಿಡಗಳ ಎಲೆತುಂಡುಗಳನ್ನು ಅಡಿಭಾಗ ಮೇಲಾಗುವಂತೆ ಇಟ್ಟು, ಬೀನ್ಸಿನಿಂದಲೇ ತೆಗೆದ ಹೆಣ್ಣು ನುಸಿಗಳನ್ನು ಸಣ್ಣ ಕುಂಚದ ತುದಿಯಿಂದ ಅವುಗಳ ಮೇಲೆ ಬಿಟ್ಟೆವು. ಬೀನ್ಸ್ ತುಂಡಿನಲ್ಲಿ ದಿನದಿನಕ್ಕೆ ಮೊಟ್ಟೆ ಹೆಚ್ಚಿತು. ಬದನೆಯಲ್ಲೂ ಹೆಚ್ಚಿತು, ಆದರೆ ಅಷ್ಟಿಲ್ಲ. ಟೊಮೆಟೊ ಎಲೆಯಿಂದ ಹಲವು ನುಸಿಗಳು ಇಳಿದು ಒದ್ದೆ ಹತ್ತಿಯಲ್ಲಿ ಸಿಕ್ಕಿಕೊಂಡವು. ಉಳಿದವು ಇಟ್ಟ ಮೊಟ್ಟೆಗಳು ಬೆರಳೆಣಿಕೆಯಷ್ಟು. ಟೊಮೆಟೊ ಗಿಡ ಮುಟ್ಟಿದಾಗ ಕೈಗೆ ಹಳದಿ ಹಸಿರು ಅಂಟು ಹತ್ತುತ್ತದಲ್ಲ, ಅದು ಸುಮ್ಮನೆ ಇರುವುದಲ್ಲ. ಎಲೆಯ ಮೇಲಿನ ಗ್ರಂಥಿರೋಮಗಳೆಂಬ ಸಣ್ಣ ಕೂದಲುಗಳು ಸ್ರವಿಸುವ ಆ ರಸ ಸಣ್ಣ ಜೀವಿಗಳ ಕಾಲು ಹಿಡಿಯುತ್ತದೆ, ಅದರಲ್ಲಿರುವ ರಾಸಾಯನಿಕಗಳು ಅವುಗಳನ್ನು ದೂರವಿಡುತ್ತವೆ.

ಸುಮಾರು 27 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಒಗ್ಗುವ ಗಿಡದ ಮೇಲೆ ಈ ನುಸಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ 10 ದಿನಗಳ ಆಸುಪಾಸಿನಲ್ಲಿ ತಲುಪುತ್ತದೆ, ಹೆಣ್ಣೊಂದು ತನ್ನ ಬಾಳಿನಲ್ಲಿ 100ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಒಗ್ಗದ ಗಿಡದಲ್ಲಿ ಮರಿಗಳು ಹೆಚ್ಚು ಸಾಯುತ್ತವೆ, ಬದುಕಿದವು ತಡವಾಗಿ ಬೆಳೆಯುತ್ತವೆ, ಮೊಟ್ಟೆಯೂ ಕಡಿಮೆ. ಬೆಳವಣಿಗೆಯಲ್ಲಿ ಕೆಲವೇ ದಿನ ತಡವಾದರೂ ತಲೆಮಾರಿನಿಂದ ತಲೆಮಾರಿಗೆ ಅದು ಗುಣಿಸಿಕೊಂಡು ಹೋಗುವುದರಿಂದ, ಒಂದೇ ಹಿತ್ತಲಿನ ಎರಡು ಗಿಡಗಳ ನಡುವೆ ನಾನು ಕಂಡಷ್ಟು ಅಂತರ ಬೀಳುತ್ತದೆ. ಯೂರಿಯಾ ಬೇಡವೆಂದು ಹುಡುಗಿ ಹಟ ಹಿಡಿದದ್ದೂ ಇದಕ್ಕಾಗಿಯೇ: ಯೂರಿಯಾದಿಂದ ಎಲೆಯಲ್ಲಿ ಸಾರಜನಕ ಹೆಚ್ಚಿದಂತೆ ನುಸಿಗೆ ಸಾಮಾನ್ಯವಾಗಿ ಪುಷ್ಟಿ ಹೆಚ್ಚಿ ಮೊಟ್ಟೆಯೂ ಹೆಚ್ಚುತ್ತದೆ. ಕೆಲವು ಕೀಟನಾಶಕಗಳಂತೂ ನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳನ್ನೇ ಮೊದಲು ಕೊಂದು ಬಾಧೆಯನ್ನು ಇನ್ನಷ್ಟು ಏರಿಸುತ್ತವೆ.

ಹಾಗೆಂದು ಟೊಮೆಟೊ ಸದಾ ಸುರಕ್ಷಿತವೆಂದು ನಾನು ನಂಬುವುದಿಲ್ಲ. ಈ ನುಸಿ 1,000ಕ್ಕೂ ಹೆಚ್ಚು ಬಗೆಯ ಸಸ್ಯಗಳ ಮೇಲೆ ಬದುಕುವ ಜೀವಿ. ಟೊಮೆಟೊ ಮೇಲೆಯೇ ಕೆಲವು ತಲೆಮಾರು ಕಳೆದರೆ ಅದರ ವಿಷಗಳನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನು ಪಡೆದುಕೊಳ್ಳಬಲ್ಲದು. ನಮ್ಮ ಕಾಫಿ ಎಲೆಗಳನ್ನು ಮೇಲ್ಭಾಗದಿಂದ ಕಂದಾಗಿಸುವ ಕೆಂಪು ನುಸಿ ಬೇರೆಯದೇ ಜಾತಿಯದು. ಆದರೆ ಅದಕ್ಕೂ ಆಸರೆ ಗಿಡಗಳು ಒಂದಕ್ಕಿಂತ ಹೆಚ್ಚು. ನೆರಳಿಗೆಂದು ನಾವು ಬೆಳೆಸುವ ಸಿಲ್ವರ್ ಓಕ್ ಮರವೂ ಅವುಗಳಲ್ಲೊಂದು. ಕಾಫಿಯಲ್ಲಿ ನುಸಿ ಹುಡುಕುವವರು ತಲೆಯೆತ್ತಿ ಆ ಮರಗಳನ್ನೂ ನೋಡಬೇಕು.

ಬಾಧೆ ಹೆಚ್ಚಿದ್ದ ಬೀನ್ಸ್ ಎಲೆಗಳನ್ನು ಕಿತ್ತು ಸುಟ್ಟೆವು. ಉಳಿದವುಗಳ ಅಡಿಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಹಾಯಿಸಿದೆವು. ಮುಂದಿನ ವರ್ಷ ಬೀನ್ಸನ್ನು ಮಳೆ ಮುಗಿದ ಕೂಡಲೇ ಬಿತ್ತಿ, ಬೇಸಿಗೆ ಬಲಿಯುವ ಮೊದಲೇ ಕೊಯ್ದು ಮುಗಿಸುವುದೆಂದೂ, ಬದನೆಯನ್ನು ಅದರಿಂದ ದೂರದ ಪಾತಿಯಲ್ಲಿ ನೆಡುವುದೆಂದೂ ತೀರ್ಮಾನಿಸಿದ್ದೇವೆ.