ಮೀಟಿಂಗ್‌ನಲ್ಲಿ ನಾನು ಬಾಯಿ ಮುಚ್ಚಿದ ದಿನ

ಸಾಗರದ ಅಡಿಕೆ ಮಂಡಿಯೊಂದರಲ್ಲಿ ನಾನು ಸೂಪರ್‌ವೈಸರ್. ಮೀಟಿಂಗ್‌ನಲ್ಲಿ ಯಾವಾಗಲೂ ಮೊದಲು ಮಾತಾಡುತ್ತಿದ್ದವಳು ನಾನೇ. ಉಳಿದವರು ತಲೆಯಾಡಿಸುತ್ತಿದ್ದರು, ಅಷ್ಟೇ.

ಈ ಮಳೆಗಾಲದಲ್ಲಿ ಬೇರೆ ದಾರಿ ಹಿಡಿದೆ. ಜರ್ಮನಿಯ ಬೆರ್ನ್ಟ್ ರೋರ್‌ಬಾಖ್ 1968ರಲ್ಲಿ ಪರಿಚಯಿಸಿದ 6-3-5 ವಿಧಾನ. 6 ಜನ, 5 ನಿಮಿಷದಲ್ಲಿ ತಲಾ 3 ಉಪಾಯ ಕಾಗದದ ಹಾಳೆಯಲ್ಲಿ ಬರೆಯಬೇಕು. ಆಮೇಲೆ ಹಾಳೆ ಪಕ್ಕದವರಿಗೆ. ಅವರು ಓದಿ ಇನ್ನೂ 3 ಸೇರಿಸಬೇಕು. ಯಾರೂ ಮಾತಾಡುವಂತಿಲ್ಲ. 6 ಸುತ್ತಿಗೆ 108 ಉಪಾಯ. ನಮಗೆ ಅಷ್ಟೆಲ್ಲ ಬರಲಿಲ್ಲ, ಪರವಾಗಿಲ್ಲ.

ಪ್ರಶ್ನೆ ಒಂದೇ: ಥಂಡಿಗೆ ಅಡಿಕೆ ಬೂಷ್ಟು ಹಿಡಿಯದಂತೆ ಏನು ಮಾಡೋದು?

ಮೂಲೆಯಲ್ಲಿ ಸುಮ್ನೆ ಕೂರುತ್ತಿದ್ದ, ಅಡಿಕೆ ಆರಿಸುವ ಅಕ್ಕ ಬರೆದಿದ್ದರು: "ಚೀಲ ಗೋಡೆಗೆ ತಾಗಿಸ್ಬೇಡಿ. ಕೆಳಗೆ ಹಲಗೆ ಇಡಿ." ವರ್ಷಗಳಿಂದ ಅವರಿಗೆ ಇದು ಗೊತ್ತಿತ್ತಂತೆ. ನಾನು ಕೇಳಿರಲೇ ಇಲ್ಲ. ಅವತ್ತೇ ಸಂಜೆ ಎಲ್ಲರೂ ಸೇರಿ ಚೀಲ ಸರಿಸಿದೆವು.